ಯಂತ್ರದ ಕೈಗೆ ಪಾಠ ಹೇಳುವ ಬಗೆ

ವಿಜಯದಶಮಿಯ ದಿನ ಪುಟ್ಟ ಮಕ್ಕಳಿಗೆ ವಿದ್ಯಾರಂಭ ಮಾಡಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಹರಿವಾಣದಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ಬೆರಳನ್ನು ಹಿಡಿದು, ಹಿರಿಯರು ಅಕ್ಷರವನ್ನು ತಿದ್ದಿಸುತ್ತಾರೆ. ಮಗುವಿಗೆ ಆಗ ಅಕ್ಷರದ ಅರ್ಥ ತಿಳಿದಿರುವುದಿಲ್ಲ. ಕೈ ಹೋದ ದಾರಿ ಮಾತ್ರ ತಿಳಿಯುತ್ತದೆ. ಕೆಲವು ವರ್ಷಗಳ ಬಳಿಕ ಅದೇ ಮಗು ಅಂಗಳದಲ್ಲಿ ಚುಕ್ಕಿಗಳನ್ನಿಟ್ಟು, ಅವುಗಳನ್ನು ಗೆರೆಗಳಿಂದ ಕೂಡಿಸಿ ರಂಗೋಲಿ ಬರೆಯುತ್ತದೆ. ಇನ್ನೂ ದೊಡ್ಡದಾದ ಮೇಲೆ, ಪುಸ್ತಕದಲ್ಲಿ ಬರೆದಿರುವ ಸೂಚನೆಗಳನ್ನು ಓದಿ, ಯಾರೂ ಕೈ ಹಿಡಿಯದಿದ್ದರೂ ಪ್ರಯೋಗಾಲಯದಲ್ಲಿ ಪ್ರಯೋಗವನ್ನು ಮಾಡಿ ಮುಗಿಸುತ್ತದೆ. ಕೈ ಹಿಡಿದು ತಿದ್ದಿಸುವುದು, ಚುಕ್ಕಿ ಇಟ್ಟು ತೋರಿಸುವುದು, ಬರೆದು ತಿಳಿಸುವುದು ಎಂಬ ಈ ಮೂರು ಬಗೆಗಳು ಮನುಷ್ಯರಿಗೆ ಮಾತ್ರ ಸಲ್ಲುವುವಲ್ಲ. ಕಾರ್ಖಾನೆಗಳಲ್ಲಿ ದುಡಿಯುವ ಯಂತ್ರಮಾನವನಿಗೆ, ಅಂದರೆ ರೋಬೋಟಿಗೆ, ಪಾಠ ಹೇಳುವ ಬಗೆಗಳೂ ಮುಖ್ಯವಾಗಿ ಇವೇ ಮೂರು.

ಇವುಗಳಲ್ಲಿ ಯಾವುದು ಒಳ್ಳೆಯದು? ಯಾವ ಕೆಲಸಕ್ಕೆ ಯಾವುದನ್ನು ಆರಿಸಬೇಕು? ಇದೇ ಈ ಲೇಖನದ ವಿಷಯ. ಇದರ ಜೊತೆಗೆ ನಮ್ಮ ಶಾಲೆಯ ರಕ್ಷಕರು ಸಭೆಗಳಲ್ಲಿ ಆಗಾಗ ಕೇಳುವ ಇನ್ನೊಂದು ಪ್ರಶ್ನೆಯೂ ಇದೆ: "ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಗು ನಾಳೆ ಇಂತಹ ಯಂತ್ರದ ಮುಂದೆ ನಿಂತು ಕೆಲಸ ಮಾಡೀತೇ?" ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಾ ಹೋದರೆ ಎರಡನೆಯದಕ್ಕೂ ಉತ್ತರ ದೊರೆಯುತ್ತದೆಂದು ನಾವು ಭಾವಿಸುತ್ತೇವೆ.

ಕಾರ್ಖಾನೆಯ ಯಂತ್ರಮಾನವ

ಯಂತ್ರಮಾನವ ಎಂದೊಡನೆ ಎರಡು ಕಾಲಿನ ಮೇಲೆ ನಡೆಯುವ ಲೋಹದ ಬೊಂಬೆಯನ್ನು ಊಹಿಸಬೇಕಾಗಿಲ್ಲ. ಕಾರ್ಖಾನೆಯಲ್ಲಿರುವುದು ಸಾಮಾನ್ಯವಾಗಿ ಒಂದೇ ಒಂದು ದೊಡ್ಡ ಕೈ. ನಮ್ಮ ಸೊಂಟ, ಭುಜ, ಮೊಣಕೈ, ಮಣಿಕಟ್ಟುಗಳಂತೆ ಅದಕ್ಕೂ ಕೀಲುಗಳಿವೆ; ಹೆಚ್ಚಿನವುಗಳಲ್ಲಿ ಆರು. ಪ್ರತಿಯೊಂದು ಕೀಲಿನಲ್ಲಿಯೂ ಒಂದು ಮೋಟಾರು, ಕೀಲು ಎಷ್ಟು ಅಂಶ ತಿರುಗಿದೆ ಎಂದು ಅಳೆಯುವ ಒಂದು ಸಾಧನ ಇರುತ್ತವೆ. ಕೈಯ ತುದಿಯಲ್ಲಿ ಹಿಡಿಯುವ ಇಕ್ಕಳವನ್ನೋ, ಬೆಸುಗೆಯ ಉಪಕರಣವನ್ನೋ, ಬಣ್ಣದ ಪಿಚಕಾರಿಯನ್ನೋ ಜೋಡಿಸುತ್ತಾರೆ. ಕೈಯಿಂದ ಸ್ವಲ್ಪ ದೂರದಲ್ಲಿ ಕಪಾಟಿನಂತಹ ಪೆಟ್ಟಿಗೆಯೊಂದಿರುತ್ತದೆ. ಅದೇ ನಿಯಂತ್ರಕ. ಯಾವ ಕೀಲು ಯಾವಾಗ ಎಷ್ಟು ತಿರುಗಬೇಕೆಂದು ಆಜ್ಞೆ ಕೊಡುವ ಗಣಕಯಂತ್ರ ಅದರೊಳಗಿದೆ. ಆ ಗಣಕಕ್ಕೆ ನಾವು ಕೊಡುವ ಸೂಚನೆಗಳ ಸರಣಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎಂದು ಹೆಸರು.

ಅಮೆರಿಕದ ಜಾರ್ಜ್ ಡೆವೊಲ್ ಎಂಬವರು ಇಂತಹ ಯಂತ್ರಕ್ಕೆ 1954ರಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದರು. ಜೋಸೆಫ್ ಎಂಗೆಲ್‌ಬರ್ಗರ್ ಅವರೊಡನೆ ಸೇರಿ ತಯಾರಿಸಿದ 'ಯುನಿಮೇಟ್' 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿತು. ಅಚ್ಚಿನಿಂದ ಹೊರಬರುವ ಸುಡುವ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸವಾಗಿತ್ತು. ಕೈ ಹೋಗಬೇಕಾದ ಸ್ಥಾನಗಳನ್ನು ಕಾಂತೀಯ ಉರುಳೆಯೊಂದರಲ್ಲಿ ದಾಖಲಿಸಿಡುತ್ತಿದ್ದರು. 1974ರಲ್ಲಿ ಸ್ವೀಡನ್ನಿನ ಆಸಿಯಾ ಸಂಸ್ಥೆಯು ಸೂಕ್ಷ್ಮ ಸಂಸ್ಕಾರಕ, ಅಂದರೆ ಮೈಕ್ರೊಪ್ರೊಸೆಸರ್, ಇರುವ ರೋಬೋಟನ್ನು ಹೊರತಂದಿತು. ಇಂದು ಈ ಯಂತ್ರಗಳು ನಮ್ಮ ದೇಶದಲ್ಲಿಯೂ ಅಪರೂಪವಲ್ಲ. 2023ನೆಯ ಒಂದೇ ವರ್ಷದಲ್ಲಿ ಭಾರತದ ಕಾರ್ಖಾನೆಗಳಲ್ಲಿ 8,510 ಹೊಸ ರೋಬೋಟುಗಳನ್ನು ಸ್ಥಾಪಿಸಲಾಯಿತೆಂದು ಅಂತಾರಾಷ್ಟ್ರೀಯ ರೋಬೋಟ್ ಒಕ್ಕೂಟದ ಲೆಕ್ಕ ತಿಳಿಸುತ್ತದೆ.

ಒಂದು: ಕೈ ಹಿಡಿದು ತಿದ್ದಿಸುವ ವಿಧಾನ

ನಾರ್ವೆ ದೇಶದಲ್ಲಿ ಟ್ರಾಲ್ಫಾ ಎಂಬ ಸಂಸ್ಥೆ ಒಂದು ಗಾಲಿಯ ಕೈಗಾಡಿಗಳನ್ನು ತಯಾರಿಸುತ್ತಿತ್ತು. ಅವುಗಳಿಗೆ ಬಣ್ಣ ಬಳಿಯುವ ಕೆಲಸ ಆರೋಗ್ಯಕ್ಕೆ ಕೆಡುಕು. ಆ ಕೆಲಸಕ್ಕೆ ಜನ ಸಿಗುವುದೂ ಕಷ್ಟ. ಆದುದರಿಂದ 1960ರ ದಶಕದ ಕೊನೆಯಲ್ಲಿ ಅವರು ಬಣ್ಣ ಬಳಿಯುವ ಯಂತ್ರಮಾನವನನ್ನು ನಿರ್ಮಿಸಿದರು. ನುರಿತ ಕೆಲಸಗಾರನು ಯಂತ್ರದ ಕೈಯನ್ನು ಹಿಡಿದು ಒಂದು ಸಲ ಬಣ್ಣ ಬಳಿಯುವಂತೆ ಆಡಿಸುವನು. ಯಂತ್ರವು ಆ ಚಲನೆಯನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ಹಾಗೆಯೇ ಮಾಡುವುದು.

ಈ ವಿಧಾನದ ದೊಡ್ಡ ಗುಣವೆಂದರೆ, ಕಲಿಸುವವನಿಗೆ ಗಣಕದ ಭಾಷೆ ತಿಳಿದಿರಬೇಕಾಗಿಲ್ಲ. ಕೆಲಸ ತಿಳಿದಿದ್ದರೆ ಸಾಕು. ಕೆಲಸಗಾರನ ಕೈಯ ಹದ ನೇರವಾಗಿ ಯಂತ್ರಕ್ಕೆ ಇಳಿಯುತ್ತದೆ. ದೋಷವೂ ಅಲ್ಲಿಯೇ ಇದೆ. ಕಲಿಸುವಾಗ ಕೈ ನಡುಗಿದ್ದರೆ ಆ ನಡುಕವೂ ಪಾಠದಲ್ಲಿ ಸೇರಿಕೊಳ್ಳುತ್ತದೆ. ನಡುವಿನ ಒಂದು ಭಾಗವನ್ನು ಮಾತ್ರ ತಿದ್ದುವುದು ಸುಲಭವಲ್ಲ. ಇತ್ತೀಚೆಗೆ ಮನುಷ್ಯರ ಪಕ್ಕದಲ್ಲಿಯೇ ಕೆಲಸ ಮಾಡುವ ಹಗುರವಾದ ರೋಬೋಟುಗಳು ಬಂದ ಮೇಲೆ ಈ ಹಳೆಯ ವಿಧಾನಕ್ಕೆ ಮತ್ತೆ ಬೆಲೆ ಬಂದಿದೆ. ಅವುಗಳ ಕೈಯನ್ನು ಹಿಡಿದು ಬೇಕಾದೆಡೆಗೆ ಒಯ್ದು, ಅಲ್ಲಲ್ಲಿ ಗುಂಡಿ ಒತ್ತಿ ಸ್ಥಾನಗಳನ್ನು ದಾಖಲಿಸಬಹುದು.

ಎರಡು: ಚುಕ್ಕಿ ಇಟ್ಟು ತೋರಿಸುವ ವಿಧಾನ

ಕಾರ್ಖಾನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಇದು. ಕೆಲಸಗಾರರು ಟೀಚ್ ಪೆಂಡೆಂಟ್ ಎಂದು ಕರೆಯುವ, ಪರದೆಯೂ ಗುಂಡಿಗಳೂ ಇರುವ ಒಂದು ಫಲಕವನ್ನು ಕೈಯಲ್ಲಿ ಹಿಡಿದು, ಗುಂಡಿಗಳನ್ನು ಒತ್ತುತ್ತಾ ರೋಬೋಟನ್ನು ಮೆಲ್ಲನೆ ಒಂದು ಸ್ಥಾನಕ್ಕೆ ತರುತ್ತಾರೆ. ಆ ಸ್ಥಾನವನ್ನು ದಾಖಲಿಸುತ್ತಾರೆ. ಮುಂದಿನ ಸ್ಥಾನಕ್ಕೆ ಹೋಗುತ್ತಾರೆ. ಇದು ರಂಗೋಲಿಯ ಚುಕ್ಕಿ ಇಟ್ಟಂತೆ.

ಚುಕ್ಕಿಗಳಷ್ಟೇ ಸಾಲದು, ನಡುವಿನ ಗೆರೆ ಹೇಗಿರಬೇಕೆಂದೂ ಹೇಳಬೇಕು. "ಎಲ್ಲ ಕೀಲುಗಳನ್ನೂ ಒಟ್ಟಿಗೆ ತಿರುಗಿಸಿ ಬೇಗನೆ ಹೋಗು" ಎಂದರೆ ಕೈ ಬಾಗಿದ ದಾರಿಯಲ್ಲಿ ಹೋಗುತ್ತದೆ. "ಸರಳರೇಖೆಯಲ್ಲಿ ಹೋಗು" ಎಂದರೆ ನೇರವಾಗಿ ಹೋಗುತ್ತದೆ. ಎರಡು ಕಂಬಗಳ ನಡುವೆ ತೂರಬೇಕಾದಲ್ಲಿ ಮೊದಲನೆಯ ಆಜ್ಞೆ ಕೊಟ್ಟರೆ ಕೈ ಕಂಬಕ್ಕೆ ಬಡಿದೀತು! ಎರಡೂ ಚುಕ್ಕಿಗಳು ಸರಿಯಾಗಿದ್ದರೂ ಗೆರೆ ತಪ್ಪಿದರೆ ಅಪಾಯ ತಪ್ಪಿದ್ದಲ್ಲ.

ಕಲಿಸುವವರು ಯಂತ್ರದ ಹತ್ತಿರವೇ ನಿಲ್ಲಬೇಕಾಗುವುದರಿಂದ ಇಲ್ಲಿ ಸುರಕ್ಷೆಯ ನಿಯಮಗಳು ಕಟ್ಟುನಿಟ್ಟಾಗಿವೆ. ಕಲಿಸುವಾಗ ಕೈಯ ವೇಗವು ಸೆಕೆಂಡಿಗೆ 250 ಮಿಲಿಮೀಟರನ್ನು, ಅಂದರೆ ಒಂದು ಅಡಿಗಿಂತಲೂ ಕಡಿಮೆ ದೂರವನ್ನು, ಮೀರಬಾರದೆಂದು ಅಂತಾರಾಷ್ಟ್ರೀಯ ಮಾನಕವು ವಿಧಿಸುತ್ತದೆ. ಫಲಕದಲ್ಲಿ ಮೂರು ಸ್ಥಿತಿಗಳಿರುವ ಒಂದು ಗುಂಡಿ ಇರುತ್ತದೆ. ಅದನ್ನು ಹದವಾಗಿ ಅರ್ಧ ಒತ್ತಿ ಹಿಡಿದಿದ್ದರೆ ಮಾತ್ರ ಯಂತ್ರ ಚಲಿಸುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ. ಗಾಬರಿಯಿಂದ ಬಿಗಿಯಾಗಿ ಅಮುಕಿದರೂ ನಿಲ್ಲುತ್ತದೆ. ಹೆದರಿದಾಗ ಕೆಲವರು ಕೈಯಲ್ಲಿದ್ದುದನ್ನು ಬಿಡುತ್ತಾರೆ, ಕೆಲವರು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ ಎಂಬ ಮನುಷ್ಯಸ್ವಭಾವವನ್ನು ಅರಿತು ಮಾಡಿದ ಗುಂಡಿ ಅದು.

ಈ ವಿಧಾನದ ಕೊರತೆ ಏನು? ಪಾಠ ನಡೆಯುವಷ್ಟು ಹೊತ್ತು ಯಂತ್ರ ಉತ್ಪಾದನೆ ಮಾಡದೆ ನಿಂತಿರಬೇಕು. ಚುಕ್ಕಿಗಳು ಹೆಚ್ಚಾದಷ್ಟೂ ಸಮಯ ಹೆಚ್ಚು.

ಮೂರು: ಬರೆದು ತಿಳಿಸುವ ವಿಧಾನ

ಇಲ್ಲಿ ಸೂಚನೆಗಳನ್ನು ವಾಕ್ಯಗಳಂತೆ ಬರೆಯುತ್ತಾರೆ. 1970ರ ದಶಕದಲ್ಲಿ ಯುನಿಮೇಷನ್ ಸಂಸ್ಥೆಯ ರೋಬೋಟುಗಳಿಗಾಗಿ ವಾಲ್ ಎಂಬ ಭಾಷೆ ಹುಟ್ಟಿತು. ಅನಂತರ ಒಂದೊಂದು ಸಂಸ್ಥೆಯೂ ತನ್ನದೇ ಭಾಷೆಯನ್ನು ಮಾಡಿಕೊಂಡಿತು: ಎಬಿಬಿಯದು ರ‍್ಯಾಪಿಡ್, ಕೂಕಾದ್ದು ಕೆಆರ್‌ಎಲ್, ಫಾನುಕ್‌ನದು ಕ್ಯಾರೆಲ್, ಯಾಸ್ಕಾವಾದ್ದು ಇನ್‌ಫಾರ್ಮ್. ಒಬ್ಬರ ಭಾಷೆ ಇನ್ನೊಬ್ಬರ ಯಂತ್ರಕ್ಕೆ ತಿಳಿಯದು. ಆದರೆ ಎಲ್ಲದರಲ್ಲಿಯೂ ಇರುವ ವಿಚಾರಗಳು ಕೆಲವೇ: 'ಇಲ್ಲಿಗೆ ಹೋಗು', 'ಇಷ್ಟು ಹೊತ್ತು ಕಾಯಿ', 'ಹೀಗಿದ್ದರೆ ಹಾಗೆ ಮಾಡು', 'ಇಷ್ಟು ಸಲ ಪುನಃ ಮಾಡು'. ಒಂದನ್ನು ಸರಿಯಾಗಿ ಕಲಿತವರಿಗೆ ಎರಡನೆಯದು ಕಷ್ಟವಾಗದು. ತುಳು, ಕನ್ನಡ, ಮಲಯಾಳ ಮೂರನ್ನೂ ಆಡುವ ಕಾಸರಗೋಡಿನ ಮಕ್ಕಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಬರೆಯುವ ಕೆಲಸವನ್ನು ಯಂತ್ರದಿಂದ ದೂರ ಕುಳಿತು ಬೇರೆ ಗಣಕದಲ್ಲಿಯೇ ಮಾಡಬಹುದು. ಪರದೆಯ ಮೇಲೆ ರೋಬೋಟಿನ ಚಿತ್ರವನ್ನು ಆಡಿಸಿಯೂ ನೋಡಬಹುದು. ಉತ್ಪಾದನೆ ನಿಲ್ಲುವುದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ರೋಬೋಟು ತಾನು ಒಮ್ಮೆ ಹೋದ ಸ್ಥಾನಕ್ಕೆ ಮತ್ತೆ ಹೋಗುವುದರಲ್ಲಿ ಬಹಳ ನಿಪುಣ. ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ಇರಲಾರದು. ಆದರೆ ಎಂದೂ ಹೋಗದ ಸ್ಥಾನವನ್ನು ಲೆಕ್ಕದಿಂದ ಹೇಳಿದರೆ ಅದು ಒಂದೆರಡು ಮಿಲಿಮೀಟರ್ ತಪ್ಪಬಹುದು. ಕತ್ತಲಲ್ಲಿಯೂ ನಮ್ಮ ಮನೆಯ ಮೆಟ್ಟಿಲನ್ನು ನಾವು ತಪ್ಪುವುದಿಲ್ಲ. ಅದೇ ಪರವೂರಿನಲ್ಲಿ ಬಾಯಿಮಾತಿನ ಗುರುತು ಹಿಡಿದು ಹೊರಟರೆ ಪಕ್ಕದ ಮನೆಯ ಬಾಗಿಲು ತಟ್ಟುವುದುಂಟು. ಆದುದರಿಂದ ದೂರದಲ್ಲಿ ಬರೆದ ಕ್ರಮವಿಧಿಯನ್ನು ಯಂತ್ರದ ಬಳಿ ತಂದ ಮೇಲೆ ಮುಖ್ಯ ಸ್ಥಾನಗಳನ್ನು ಕಣ್ಣಾರೆ ನೋಡಿ ತಿದ್ದಲೇಬೇಕು.

ಒಂದು ಲೆಕ್ಕ

ಈಗ ಒಂದು ಉದಾಹರಣೆ. ತೆಂಗಿನ ಎಣ್ಣೆಯ ಬಾಟಲಿಗಳನ್ನು ತುಂಬಿದ ಪೆಟ್ಟಿಗೆಗಳನ್ನು ರೋಬೋಟು ಒಂದು ಮರದ ಪ್ಯಾಲೆಟಿನ ಮೇಲೆ ಪೇರಿಸಬೇಕಾಗಿದೆ. ಪೆಟ್ಟಿಗೆಯ ಅಗಲ 30 ಸೆಂಟಿಮೀಟರ್, ಉದ್ದ 40, ಎತ್ತರ 25. ಪ್ಯಾಲೆಟಿನ ಅಳತೆ 120ಕ್ಕೆ 120. ಒಂದು ಸಾಲಿಗೆ 4 ಪೆಟ್ಟಿಗೆ, ಒಂದು ಪದರಕ್ಕೆ 3 ಸಾಲು, ಹೀಗೆ ಪದರಕ್ಕೆ 12. ಐದು ಪದರಕ್ಕೆ 60 ಪೆಟ್ಟಿಗೆ.

ಚುಕ್ಕಿ ಇಡುವ ವಿಧಾನದಲ್ಲಿ 60 ಸ್ಥಾನಗಳನ್ನು ಒಂದೊಂದಾಗಿ ಕಲಿಸಬೇಕು. ಪೆಟ್ಟಿಗೆಯ ಅಳತೆ ಬದಲಾದರೆ ಮತ್ತೆ 60. ಬರೆಯುವ ವಿಧಾನದಲ್ಲಿ ಮೊದಲ ಪೆಟ್ಟಿಗೆಯ ಸ್ಥಾನವನ್ನು ಮಾತ್ರ ತೋರಿಸಿದರೆ ಉಳಿದುದು ಪ್ರಾಥಮಿಕ ಶಾಲೆಯ ಭಾಗಾಕಾರ.

30ನೆಯ ಪೆಟ್ಟಿಗೆ ಎಲ್ಲಿಗೆ ಹೋಗಬೇಕು? ಮೊದಲು 30ರಿಂದ 1ನ್ನು ಕಳೆಯಿರಿ: 29. ಇದನ್ನು 12ರಿಂದ ಭಾಗಿಸಿ: ಭಾಗಲಬ್ಧ 2, ಶೇಷ 5. ಅಂದರೆ ಕೆಳಗೆ 2 ಪದರಗಳು ತುಂಬಿವೆ. ಶೇಷ 5ನ್ನು 4ರಿಂದ ಭಾಗಿಸಿ: ಭಾಗಲಬ್ಧ 1, ಶೇಷ 1. ಅಂದರೆ 1 ಸಾಲು ತುಂಬಿದೆ, ಎರಡನೆಯ ಸಾಲಿನಲ್ಲಿ 1 ಪೆಟ್ಟಿಗೆ ಇದೆ. ಆದುದರಿಂದ ಮೊದಲ ಪೆಟ್ಟಿಗೆಯ ಸ್ಥಾನದಿಂದ ಅಗಲದ ಕಡೆಗೆ 30 ಸೆಂಟಿಮೀಟರ್, ಉದ್ದದ ಕಡೆಗೆ 40, ಮೇಲಕ್ಕೆ 50 ಹೋದರೆ 30ನೆಯ ಪೆಟ್ಟಿಗೆಯ ಸ್ಥಾನ.

1ನ್ನು ಕಳೆಯುವುದು ಏಕೆ? ಕಳೆಯದಿದ್ದರೆ ಮೊದಲ ಪೆಟ್ಟಿಗೆಯು ಎರಡನೆಯದರ ಜಾಗಕ್ಕೆ ಹೋಗಿ ಮೂಲೆ ಖಾಲಿ ಉಳಿಯುತ್ತದೆ. 12ನೆಯದನ್ನು ಭಾಗಿಸಿದಾಗ ಭಾಗಲಬ್ಧ 1, ಶೇಷ 0 ಬಂದು, ರೋಬೋಟು ಅದನ್ನು ಎರಡನೆಯ ಪದರದ ಮೊದಲ ಜಾಗದಲ್ಲಿ, ಅಂದರೆ ಆ ಖಾಲಿ ಮೂಲೆಯ ಮೇಲೆ ಹಿಡಿದು ಕೈ ಬಿಡುತ್ತದೆ. ಪೆಟ್ಟಿಗೆ 25 ಸೆಂಟಿಮೀಟರ್ ಕೆಳಗೆ ಬೀಳುತ್ತದೆ! ಯಂತ್ರವು ತಪ್ಪು ಮಾಡಲಿಲ್ಲ, ಹೇಳಿದ್ದನ್ನೇ ಮಾಡಿತು.

ಪ್ಯಾಲೆಟು ಸ್ವಲ್ಪ ಓರೆಯಾಗಿದ್ದರೆ? ಅದರ ಮೂಲೆ, ಉದ್ದದ ಅಂಚಿನ ಒಂದು ಬಿಂದು, ಅಗಲದ ಅಂಚಿನ ಒಂದು ಬಿಂದು, ಹೀಗೆ ಮೂರು ಚುಕ್ಕಿಗಳನ್ನು ಫಲಕದಿಂದ ಕಲಿಸಿದರೆ ಸಾಕು. ಲೆಕ್ಕವೆಲ್ಲ ಆ ಓರೆಗೆ ಹೊಂದಿಕೊಳ್ಳುತ್ತದೆ. ಅಂದರೆ ಎರಡನೆಯ ಮತ್ತು ಮೂರನೆಯ ವಿಧಾನಗಳು ಒಂದಕ್ಕೊಂದು ಶತ್ರುಗಳಲ್ಲ. ಕಣ್ಣು ನೋಡಬೇಕಾದುದನ್ನು ಕಣ್ಣಿಗೂ, ಲೆಕ್ಕ ಮಾಡಬೇಕಾದುದನ್ನು ಲೆಕ್ಕಕ್ಕೂ ಬಿಡುವುದೇ ಜಾಣತನ.

ಭಾಗವತರೂ ವೇಷಧಾರಿಗಳೂ

ರೋಬೋಟು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಪೆಟ್ಟಿಗೆ ತರುವ ಪಟ್ಟಿ, ಬಾಗಿಲು, ದೀಪ, ಇನ್ನೊಂದು ಯಂತ್ರ ಇವೆಲ್ಲವೂ ತಾಳ ತಪ್ಪದೆ ಸಾಗಬೇಕು. ಯಕ್ಷಗಾನದಲ್ಲಿ ವೇಷಧಾರಿ ಎಷ್ಟೇ ಸಮರ್ಥನಾಗಿದ್ದರೂ ರಂಗವನ್ನು ನಡೆಸುವವರು ಭಾಗವತರು. ಅವರ ಪದಕ್ಕೆ ಚೆಂಡೆ ಮದ್ದಳೆಗಳು ಹೊಂದುತ್ತವೆ, ಅವರ ಸೂಚನೆಗೆ ವೇಷಗಳು ಬರುತ್ತವೆ, ಹೋಗುತ್ತವೆ. ಕಾರ್ಖಾನೆಯಲ್ಲಿ ಭಾಗವತಿಕೆ ಮಾಡುವ ಸಾಧನಕ್ಕೆ ಪಿಎಲ್‌ಸಿ ಎಂದು ಹೆಸರು.

ಇದರ ಕಥೆ ನಮ್ಮ ವಿಷಯಕ್ಕೆ ಬಹಳ ಮುಖ್ಯ. 1968ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು, ರಿಲೇಗಳೆಂಬ ವಿದ್ಯುತ್ ಸ್ವಿಚ್ಚುಗಳಿಂದ ತುಂಬಿದ ದೊಡ್ಡ ಕಪಾಟುಗಳಿಗೆ ಬದಲಾಗಿ ಸುಲಭವಾಗಿ ಮಾರ್ಪಡಿಸಬಹುದಾದ ಸಾಧನವೊಂದು ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು 'ಮೋಡಿಕಾನ್' ಎಂಬ ಸಾಧನವನ್ನು ಮಾಡಿಕೊಟ್ಟರು. ಅದಕ್ಕೆ ಆರಿಸಿದ ಭಾಷೆ ಗಣಕತಜ್ಞರ ಭಾಷೆಯಲ್ಲ. ಏಣಿಯ ಮೆಟ್ಟಿಲುಗಳಂತೆ ಕಾಣುವ ಒಂದು ಚಿತ್ರಭಾಷೆ. ರಿಲೇಗಳ ನಕ್ಷೆಯೂ ಹಾಗೆಯೇ ಇರುತ್ತಿತ್ತು. ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ದಿನವೂ ಓದುತ್ತಿದ್ದುದು ಅದನ್ನೇ. ಯಂತ್ರ ಕೆಟ್ಟಾಗ ಓಡಿಬರುವವನು ಓದಬಲ್ಲ ಭಾಷೆ ಯಾವುದೋ ಅದನ್ನೇ ಆರಿಸಿದರು. ಆ ಏಣಿಯ ಭಾಷೆ ಇಂದಿಗೂ ಬಳಕೆಯಲ್ಲಿದೆ.

ಯಾವುದನ್ನು ಆರಿಸಬೇಕು?

ಹಾಗಾದರೆ ವಿಧಾನವನ್ನು ಆರಿಸುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು ಐದು.

1. ಸ್ಥಾನಗಳು ಎಷ್ಟು? ಅವುಗಳ ನಡುವೆ ಲೆಕ್ಕದ ಸಂಬಂಧವಿದೆಯೇ? ಪೆಟ್ಟಿಗೆ ಪೇರಿಸುವಲ್ಲಿ ಇದೆ, ಬರೆಯುವುದೇ ಲೇಸು.

2. ಕೆಲಸ ಎಷ್ಟು ಸಲ ಬದಲಾಗುತ್ತದೆ? ಒಂದೇ ಮಾದರಿಗೆ ವರ್ಷಗಟ್ಟಲೆ ಬೆಸುಗೆ ಹಾಕುವುದಾದರೆ ಒಂದು ಸಲ ಚುಕ್ಕಿ ಇಟ್ಟು ಕಲಿಸಬಹುದು. ವಾರಕ್ಕೊಮ್ಮೆ ಬದಲಾಗುವ ಸಣ್ಣ ಕಾರ್ಖಾನೆಗೆ ಕೈ ಹಿಡಿದು ಕಲಿಸುವ ಹಗುರ ರೋಬೋಟು ಒಪ್ಪುತ್ತದೆ.

3. ಪಾಠಕ್ಕಾಗಿ ಯಂತ್ರವನ್ನು ನಿಲ್ಲಿಸಬಹುದೇ? ಸಾಧ್ಯವಿಲ್ಲವಾದರೆ ದೂರದ ಗಣಕದಲ್ಲಿ ಬರೆದು, ಕೊನೆಗೆ ಹತ್ತಿರದಲ್ಲಿ ತಿದ್ದಬೇಕು.

4. ಯಂತ್ರವು ನೋಡಿ ತೀರ್ಮಾನಿಸಬೇಕೇ? ಕ್ಯಾಮೆರಾ ನೋಡಿ ಹೇಳಿದ ಸ್ಥಾನಕ್ಕೆ ಹೋಗಬೇಕಾದರೆ ಮೊದಲೇ ಚುಕ್ಕಿ ಇಡಲಾಗದು; 'ಹೀಗಿದ್ದರೆ ಹಾಗೆ' ಎಂದು ಬರೆಯಲೇಬೇಕು.

5. ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ಸರಿಪಡಿಸುವವರು ಯಾರು? ಅವರು ಇದನ್ನು ಓದಬಲ್ಲರೇ?

ಐದನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ನಮ್ಮ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ.

ಒಂದು ರಾತ್ರಿಯ ಸಂಗತಿ

ನಮ್ಮ ಶಾಲೆಯಲ್ಲಿ ಕಲಿತು, ಐ.ಟಿ.ಐ. ಮುಗಿಸಿ, ಬೆಂಗಳೂರಿನ ಬಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ಹಳೆ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಬಂದಾಗ ಹೇಳಿದ ಸಂಗತಿಯಿದು. ಅಲ್ಲಿ ಪೆಟ್ಟಿಗೆ ಪೇರಿಸುವ ರೋಬೋಟಿಗೆ ಹೊರಗಿನಿಂದ ಬಂದ ತಜ್ಞರು ಕ್ರಮವಿಧಿಯನ್ನು ಬರೆದುಕೊಟ್ಟು ಹೋಗಿದ್ದರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅದರಲ್ಲಿ ಯಾವುದಕ್ಕೂ ಅರ್ಥವಾಗುವ ಹೆಸರಿರಲಿಲ್ಲ, ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಒಂದು ರಾತ್ರಿ ಎರಡು ಸೆಂಟಿಮೀಟರ್ ಎತ್ತರ ಹೆಚ್ಚಿರುವ ಹೊಸ ಪೆಟ್ಟಿಗೆಗಳು ಬಂದವು. ಎಲ್ಲಿ ಬದಲಾಯಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಬೆಳಗಿನವರೆಗೆ ಜನರೇ ಪೆಟ್ಟಿಗೆಗಳನ್ನು ಹೊತ್ತು ಪೇರಿಸಿದರು. ರೋಬೋಟು ಪಕ್ಕದಲ್ಲಿ ಸುಮ್ಮನೆ ನಿಂತಿತ್ತು.

ಮುಂದಿನ ವಾರ ಆ ತರುಣ ಮೇಲಧಿಕಾರಿಗಳ ಅನುಮತಿ ಪಡೆದು ಕೆಲಸಕ್ಕೆ ಕುಳಿತರು. ಮೊದಲು ಅವರು ಗಣಕವನ್ನು ಮುಟ್ಟಲಿಲ್ಲ. ಒಂದು ನೋಟುಪುಸ್ತಕದಲ್ಲಿ ಪೆಟ್ಟಿಗೆಯ ಪ್ರಯಾಣವನ್ನು ಹಂತಹಂತವಾಗಿ ಬರೆದರು. ಬರೆದದ್ದು ಕನ್ನಡದಲ್ಲಿ. ಎಲ್ಲಿ ಕಾಯಬೇಕು, ಏನು ಇಲ್ಲದಿದ್ದರೆ ನಿಲ್ಲಬೇಕು, ಎಲ್ಲವೂ ಸ್ಪಷ್ಟವಾದ ಮೇಲೆ ಅದನ್ನು ಯಂತ್ರದ ಭಾಷೆಗೆ ಇಳಿಸಿದರು. ಉದ್ದ, ಅಗಲ, ಎತ್ತರ ಈ ಮೂರು ಸಂಖ್ಯೆಗಳನ್ನು ಅರ್ಥವಾಗುವ ಹೆಸರು ಕೊಟ್ಟು ಕ್ರಮವಿಧಿಯ ತಲೆಯಲ್ಲಿಟ್ಟರು. ಈಗ ಯಾವ ಪಾಳಿಯವರಾದರೂ ಆ ಮೂರನ್ನು ಬದಲಾಯಿಸಬಲ್ಲರು.

ಅವರು ಹೇಳಿದ ಒಂದು ಮಾತು ನಮಗೆ ಮರೆಯದು: "ನನಗೆ ಯಂತ್ರದ ಭಾಷೆ ಕಷ್ಟವಾಗಲಿಲ್ಲ ಸಾರ್, ಅದರಲ್ಲಿರುವುದು ಕೆಲವೇ ಶಬ್ದ. ಒಂದರ ನಂತರ ಒಂದು ಎಂದು ಯೋಚಿಸುವುದೇ ಕಷ್ಟ. ಅದನ್ನು ಇಲ್ಲಿಯೇ ಕಲಿತಿದ್ದೆ."

ರಕ್ಷಕರಿಗೆ ಎರಡು ಮಾತು

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರಗಳ ಕೈಪಿಡಿಗಳೂ ಅಪಾಯದ ಸೂಚನೆಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುತ್ತವೆ. ಅವನ್ನು ಓದುವಷ್ಟು ಇಂಗ್ಲಿಷನ್ನು ಮಕ್ಕಳು ಶ್ರದ್ಧೆಯಿಂದ ಕಲಿಯಬೇಕು. ಆದರೆ ಯೋಚನೆಯ ಕ್ರಮವನ್ನು ಯಾವ ಭಾಷೆಯಲ್ಲಿ ಮಗು ನಿರ್ಭಯವಾಗಿ ಕಲಿಯಬಲ್ಲದೋ ಆ ಭಾಷೆಯಲ್ಲಿ ಕಲಿತರೆ ಅದು ಗಟ್ಟಿಯಾಗುತ್ತದೆ. ರೋಬೋಟಿಗೆ ಮಾತೃಭಾಷೆಯಿಲ್ಲ, ಅದಕ್ಕೆ ಬೇಕಾದುದು ಗೊಂದಲವಿಲ್ಲದ ಸೂಚನೆ.

ಇಂತಹ ವಿದ್ಯೆ ನಮಗೆ ದೂರದ್ದೂ ಅಲ್ಲ. ನೆರೆಯ ತಲಶ್ಶೇರಿಯ ನೆಟ್ಟೂರಿನಲ್ಲಿ 1959ರಲ್ಲಿ ಆರಂಭವಾದ ತಾಂತ್ರಿಕ ತರಬೇತಿ ಕೇಂದ್ರವು ಎನ್‌ಟಿಟಿಎಫ್ ಎಂಬ ಹೆಸರಿನಿಂದ ಬೆಂಗಳೂರಿನವರೆಗೂ ಬೆಳೆಯಿತು. ನಮ್ಮ ಜಿಲ್ಲೆಯ ಪೊವ್ವಲಿನಲ್ಲಿ 1993ರಿಂದ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಇದೆ. ಬಿಡದಿಯಲ್ಲಿ ಟೊಯೋಟಾ ಸಂಸ್ಥೆ 2007ರಲ್ಲಿ ತೆರೆದ ತರಬೇತಿ ಶಾಲೆಗೆ ಕರ್ನಾಟಕದ ಹಳ್ಳಿಗಳ ಬಡಮಕ್ಕಳು ಹತ್ತನೆಯ ತರಗತಿ ಮುಗಿಸಿ ಸೇರಿದ್ದಾರೆ. ಜಪಾನಿನ ಫಾನುಕ್ ಸಂಸ್ಥೆಯ ಭಾರತದ ಕಚೇರಿ ಇರುವುದೂ ಬೆಂಗಳೂರಿನಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಭಾಗಾಕಾರದಲ್ಲಿ ಶೇಷವನ್ನು ಅಲಕ್ಷಿಸಬೇಡಿರಿ. ಪ್ರಯೋಗದ ವಿಧಾನವನ್ನು ಬರೆಯುವಾಗ ಒಂದು ಹಂತವನ್ನೂ ಬಿಡಬೇಡಿರಿ. ನೀವು ಬರೆದದ್ದನ್ನು ನಿಮ್ಮ ಪಕ್ಕದಲ್ಲಿ ಕುಳಿತವರು ಓದಿ ಮಾಡಬಲ್ಲರೇ ಎಂದು ನೋಡಿರಿ. ಮಾಡಬಲ್ಲರಾದರೆ ಯಂತ್ರದ ಮುಂದೆ ನಿಲ್ಲುವ ಯೋಗ್ಯತೆಯ ಅರ್ಧ ಭಾಗ ನಿಮಗೆ ಬಂದಂತಾಯಿತು.

ಅಭ್ಯಾಸ

1. ಮೇಲಿನ ಲೆಕ್ಕದಂತೆ 47ನೆಯ ಪೆಟ್ಟಿಗೆಯ ಸ್ಥಾನವನ್ನು ಕಂಡುಹಿಡಿಯಿರಿ. (ಉತ್ತರ: ನಾಲ್ಕನೆಯ ಪದರ, ಮೂರನೆಯ ಸಾಲು, ಮೂರನೆಯ ಜಾಗ. ಅಗಲದ ಕಡೆಗೆ 60, ಉದ್ದದ ಕಡೆಗೆ 80, ಮೇಲಕ್ಕೆ 75 ಸೆಂಟಿಮೀಟರ್.)

2. ಬಾವಿಯಿಂದ ಒಂದು ಕೊಡ ನೀರು ಸೇದುವ ಕೆಲಸವನ್ನು ಹಂತಹಂತವಾಗಿ ಬರೆಯಿರಿ. ಹಗ್ಗ ತುಂಡಾಗಿದ್ದರೆ ಏನು ಮಾಡಬೇಕೆಂಬುದನ್ನೂ ಸೇರಿಸಿರಿ. ಅದನ್ನು ಗೆಳೆಯನಿಗೋ ಗೆಳತಿಗೋ ಕೊಟ್ಟು, ಬರೆದಷ್ಟನ್ನು ಮಾತ್ರ ಅಭಿನಯಿಸಲು ಹೇಳಿರಿ. ಎಲ್ಲಿ ತಪ್ಪಿತು ಎಂಬುದನ್ನು ಗುರುತಿಸಿರಿ.

3. ನಿಮ್ಮ ಮನೆಯಲ್ಲಿ ಹಿರಿಯರು ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಿರಿ: ಅಡಿಕೆ ಸುಲಿಯುವುದು, ದೋಸೆ ಹೊಯ್ಯುವುದು, ಚಾಪೆ ಹೆಣೆಯುವುದು, ಯಾವುದಾದರೂ ಸರಿ. ಅದನ್ನು ಯಂತ್ರದ ಕೈಗೆ ಕಲಿಸಬೇಕಾದರೆ ಮೂರು ವಿಧಾನಗಳಲ್ಲಿ ಯಾವುದನ್ನು ಆರಿಸುವಿರಿ? ಏಕೆ? ಹಿರಿಯರನ್ನು ಕೇಳಿಯೇ ಬರೆಯಿರಿ. ಕೆಲಸದ ಹದ ತಿಳಿದಿರುವುದು ಅವರಿಗೆ.